ಬಲಗೈ ಬತ್ತಿದವನ ದುಡಿಮೆ



ಕೈ ಬತ್ತಿದ ಮನುಷ್ಯನೊಬ್ಬನನ್ನು ಯೇಸುಸ್ವಾಮಿ ಸಬ್ಬತ್ ದಿನ ಗುಣಪಡಿಸಿದ ಪ್ರಸಂಗ ನಿಮಗೆ ಗೊತ್ತು. ಬತ್ತಿದ್ದು ಬಲಗೈ ಎಂದು ಸಂತ ಲೂಕನು ಮಾತ್ರ ಬರೆಯುತ್ತಾನೆ. ಆತ ಗಾರೆ ಕೆಲಸದವನಾಗಿದ್ದ, ಭಿಕ್ಷೆ ಬೇಡುವ ನಾಚಿಕೆಯಿಂದ ತನ್ನನ್ನು ಪಾರುಮಾಡೆಂದು ಕೇಳಿಕೊಂಡ ಎಂಬ ಪುರಾತನ ಬರಹವೊಂದನ್ನು ಸಂತ ಜೆರೋಮರು ಉಲ್ಲೇಖಿಸುತ್ತಾರೆ. ಹಾಗಾದರೆ ಅವನಿಗೆ ಬೇಕಾಗಿದ್ದುದು ದುಡಿದು ಉಣ್ಣುವ ಮರ್ಯಾದೆ. ಪ್ರಭು ಅವನನ್ನು ಎಲ್ಲರ ನಡುವೆ ನಿಲ್ಲಿಸಿದರು.

ನಾವು ಎಲ್ಲಿ ನಿಲ್ಲಿಸುತ್ತೇವೆ? ಹಾವೇರಿಯ ಸಾರಿಗೆ ಬಸ್ ಚಾಲಕನೊಬ್ಬ ಅಪಘಾತದಲ್ಲಿ ಕಾಲು ಕಳೆದುಕೊಂಡನೆಂದು ಭಾವಿಸಿ. "ಇನ್ನು ಆಗೋದಿಲ್ಲಪ್ಪಾ, ರಾಜೀನಾಮೆ ಬರೆದುಕೊಡು" ಎನ್ನುವ ಹಿತೈಷಿಗಳು ಬಂದೇ ಬರುತ್ತಾರೆ. ಬಾಂಧವರೇ, ಅವಸರದಿಂದ ರುಜು ಹಾಕಬೇಡಿ. ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯಬಾರದು, ಕೆಳದರ್ಜೆಗೆ ಇಳಿಸಬಾರದು ಎನ್ನುತ್ತದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂ. ಸ್ಟೀರಿಂಗ್ ಹಿಡಿಯಲಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅಂಥ ಕೆಲಸ ಇಲ್ಲವಾದರೆ, ಅದು ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. 1995ರ ಹಳೆಯ ಕಾಯ್ದೆಯಲ್ಲೂ ಈ ರಕ್ಷಣೆಯಿತ್ತು. ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಕುನಾಲ್ ಸಿಂಗ್ ಎಂಬ ಪೇದೆಗೆ ಸುಪ್ರೀಂ ಕೋರ್ಟು 2003ರಲ್ಲಿ ಅದರಂತೆಯೇ ನ್ಯಾಯ ಕೊಟ್ಟಿತು. ಅನ್ಯಾಯವಾದರೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ರಾಜ್ಯ ಆಯುಕ್ತರಿಗೂ ಬರೆಯಬಹುದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ, ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುವವರೇ, ಇದು ಸರ್ಕಾರದವರ ಮಾತು ಎಂದು ಸುಮ್ಮನಾಗಬೇಡಿ. ಸಮಾನ ಅವಕಾಶದ ನೀತಿಯನ್ನು ಖಾಸಗಿ ಸಂಸ್ಥೆಗಳೂ ಪ್ರಕಟಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕಾನೂನು ನಿಮ್ಮ ಬಾಗಿಲವರೆಗೆ ಬರುತ್ತದೆ. ಒಳಗೆ ಕರೆಯಬೇಕಾದವರು ನೀವು. ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವುದಕ್ಕೆ ನಡೆಯುವ ಕಾಲು ಬೇಕೇ? ಲೆಕ್ಕ ಬರೆಯುವವನಿಗೆ ಕಿವಿ ಕೇಳದಿದ್ದರೆ ತೂಕವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದೇ? ಆದರೆ ಕೂಲಿ ಮಾತ್ರ ಎಲ್ಲರಿಗೂ ಕೊಟ್ಟಷ್ಟೇ ಕೊಡಿ. ಕನಿಕರದ ಹೆಸರಿನಲ್ಲಿ ಅರ್ಧ ಕೂಲಿ ಕೊಡುವುದು ಪುಣ್ಯವಲ್ಲ.

ಗಟ್ಟಿಮುಟ್ಟಾದವರಿಗೆ ಮಾತ್ರ ಕೆಲಸ ಕೊಡುವ ಸಮಾಜ ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದು ಜಗದ್ಗುರು ಎರಡನೆಯ ಜಾನ್ ಪಾಲರು ದುಡಿಮೆಯನ್ನು ಕುರಿತ 1981ರ ವಿಶ್ವಪತ್ರದಲ್ಲಿ ಬೋಧಿಸಿದರು.

ಈ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಅಂಗವಿಕಲ ಸಹೋದರನೊಬ್ಬನ ಮನೆಗೆ ಹೋಗಿ. ಏನು ಬೇಕೆಂದು ಕೇಳುವ ಮೊದಲು, ಯಾವ ಕೆಲಸ ಬರುತ್ತದೆಂದು ಕೇಳಿ. ಬತ್ತಿದ ಕೈಯನ್ನು ಚಾಚಿಸಿದ ಪ್ರಭು ನಮ್ಮ ಬತ್ತಿದ ಮನಸ್ಸುಗಳನ್ನೂ ಗುಣಪಡಿಸಲಿ. ಆಮೆನ್.