ಮಡಿ, ಮೈ ಮತ್ತು ಮನುಷ್ಯಋಣ

ನಮ್ಮ ಮನೆಯಲ್ಲಿ ಮಡಿ ಬಲು ಬಿಗಿ. ಅಜ್ಜಿ ಒದ್ದೆ ಸೀರೆಯಲ್ಲೇ ಅಡುಗೆಗೆ ನಿಲ್ಲುತ್ತಿದ್ದರು. ಕೆಲಸದವಳು ಹಿತ್ತಿಲ ಬಾಗಿಲು ದಾಟುವಂತಿರಲಿಲ್ಲ. ಕೇಡೆಲ್ಲ ಹೊಸ್ತಿಲ ಆಚೆಯಿಂದ ಬರುತ್ತದೆ, ಒಳಗಿನದು ಶುದ್ಧ ಎಂಬ ನಂಬಿಕೆ ಇದರ ಬುಡದಲ್ಲಿತ್ತು. ಮದುವೆಯಾಗಿ ಬಂದ ಮನೆಯಲ್ಲೂ ನಾನು ಅದನ್ನೇ ನಡೆಸಿಕೊಂಡು ಬಂದೆ.

ನನಗಿರುವ ಕಾಯಿಲೆಯನ್ನು ವೈದ್ಯರು ಸಿವಿಐಡಿ ಎನ್ನುತ್ತಾರೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ನನ್ನ ಮೈ ಸಾಕಷ್ಟು ತಯಾರಿಸುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ನಲವತ್ತು ದಾಟಿತ್ತು. ಅಷ್ಟರಲ್ಲಿ ಮೇಲಿಂದ ಮೇಲೆ ಬಂದ ನ್ಯುಮೋನಿಯಾದಿಂದ ಶ್ವಾಸನಾಳಗಳು ಹಿಗ್ಗಿ ಸಡಿಲವಾಗಿದ್ದವು. ಹಾಗೆ ಹಿಗ್ಗಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಬೆಳಿಗ್ಗೆ ದೇವರ ದೀಪ ಹಚ್ಚುವ ಮೊದಲು ಮಗ್ಗುಲಾಗಿ ಮಲಗಿ, ಮಗಳಿಂದ ಬೆನ್ನು ತಟ್ಟಿಸಿಕೊಂಡು ಕಫ ತೆಗೆಯಬೇಕು.

ಬಂಧುಗಳು ಪೂರ್ವಜನ್ಮದ ಕರ್ಮ ಎಂದರು. ಕರ್ಮವನ್ನು ನಾನೂ ನಂಬುತ್ತೇನೆ. ಆದರೆ ಅದು ನನ್ನ ನಡತೆಯನ್ನು ನಾನು ಕೇಳಿಕೊಳ್ಳುವುದಕ್ಕೆ ಇರುವುದು. ಮತ್ತೊಬ್ಬರ ನೋವಿಗೆ ಲೆಕ್ಕ ಬರೆಯಲು ಅದನ್ನು ಬಳಸುವುದು ಕ್ರೌರ್ಯ.

ನನ್ನಂಥವರ ಚಿಕಿತ್ಸೆಗೆ ದಾರಿಯಾದದ್ದು ಹೀಗೆ. 1952ರಲ್ಲಿ ಆಗ್ಡನ್ ಬ್ರೂಟನ್ ಎಂಬ ಅಮೆರಿಕದ ಸೇನಾ ವೈದ್ಯರು ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಪ್ರತಿಕಾಯಗಳಿರುವ ಗಾಮಾ ಗ್ಲಾಬ್ಯುಲಿನ್ ಅಂಶ ಇಲ್ಲದ್ದನ್ನು ಕಂಡು, ಬೇರೆಯವರ ರಕ್ತದಿಂದ ತೆಗೆದದ್ದನ್ನು ಕೊಟ್ಟರು. ಇಂದಿಗೂ ದಾರಿ ಅದೇ. ಮೂರು–ನಾಲ್ಕು ವಾರಕ್ಕೊಮ್ಮೆ ನನಗೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳ ಡ್ರಿಪ್ ಹಾಕುತ್ತಾರೆ. ಸಾವಿರಾರು ಜನರ ಪ್ಲಾಸ್ಮಾ ಬೆರೆಸಿ ಅದನ್ನು ತಯಾರಿಸುತ್ತಾರೆ. ಅವರ ಜಾತಿ ಯಾವುದೋ, ದೇವರು ಯಾರೋ. ಒಮ್ಮೆ ರಕ್ತಪರೀಕ್ಷೆಯಲ್ಲಿ, ನನಗೆ ಎಂದೂ ಬಾರದ ರೋಗದ ಪ್ರತಿಕಾಯಗಳು ಕಾಣಿಸಿಕೊಂಡವು. ಅವು ದಾನಿಗಳವು ಎಂದರು ವೈದ್ಯರು. ಯಾರೋ ಪಟ್ಟ ಕಷ್ಟದ ಗಳಿಕೆ ನನ್ನ ರಕ್ತನಾಳಗಳಲ್ಲಿ ಹರಿದು ನನ್ನನ್ನು ಕಾಯುತ್ತಿತ್ತು. ಸುಮಾರು ಮೂರು ವಾರದಲ್ಲಿ ಅದರ ಅರ್ಧ ಕರಗುತ್ತದೆ. ಮತ್ತೆ ಅಪರಿಚಿತರೇ ಬರಬೇಕು.

ಡ್ರಿಪ್ ಶುರುವಾದ ಮೇಲೆ ನ್ಯುಮೋನಿಯಾ ಕಡಿಮೆಯಾಯಿತು. ಆದರೆ ಸಿಟಿ ಸ್ಕ್ಯಾನಿನಲ್ಲಿ ಹೊಸ ಗಂಟುಗಳು ಕಂಡವು. ಅವು ಕ್ಷಯದ ಗಂಟಿನಂತೆಯೇ ಇರುವುದರಿಂದ ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದರು. ಕೊನೆಗೆ ತಿಳಿದದ್ದು, ನನ್ನವೇ ಬಿಳಿರಕ್ತಕಣಗಳು ಶ್ವಾಸಕೋಶದಲ್ಲಿ ಗುಂಪುಗೂಡಿ ಅದನ್ನು ಕೆಡಿಸುತ್ತಿವೆ ಎಂದು. ಈ ಕಾಯಿಲೆಯವರಲ್ಲಿ ಅದೇ ಕಣಗಳು ಅಂಕೆ ಮೀರಿ ಬೆಳೆದು ಲಿಂಫೋಮಾ ಎಂಬ ಕ್ಯಾನ್ಸರ್ ಆಗುವ ಸಂಭವವೂ ಉಳಿದವರಿಗಿಂತ ಹೆಚ್ಚು. ನನ್ನ ಕಂಕುಳಲ್ಲಿ ಗಡ್ಡೆ ಕಂಡಾಗ ಬಯಾಪ್ಸಿ ಮಾಡಿದರು. ಗಡ್ಡೆಗಳೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ, ನನ್ನದೂ ಆಗಿರಲಿಲ್ಲ. ಮುಂದೆ ಬಾರದು ಎಂದು ಯಾರೂ ಮಾತು ಕೊಡಲಾರರು.

ರಿಪೋರ್ಟಿಗೆ ಕಾದ ಆ ದಿನಗಳಲ್ಲಿ ನನ್ನ ಮಡಿ ಕುಸಿಯಿತು. ಸುಡುತ್ತಿರುವುದು ನನ್ನದೇ, ಕಾಯುತ್ತಿರುವುದು ಪರರದು. ಹಾಗಿದ್ದಮೇಲೆ ಮೈಲಿಗೆ ಎಲ್ಲಿಂದ ಬರುತ್ತದೆ? ನಾನು ಈಗಲೂ ಜಾತ್ರೆಗೆ ಹೋಗುವುದಿಲ್ಲ, ಕೆಮ್ಮುವವರ ಹತ್ತಿರ ಕೂರುವುದಿಲ್ಲ, ದೇವಸ್ಥಾನದಲ್ಲಿ ಮಾಸ್ಕ್ ತೆಗೆಯುವುದಿಲ್ಲ. ನೋಡುವವರಿಗೆ ಇದೂ ಮಡಿಯಂತೆಯೇ ಕಾಣಬಹುದು. ಆದರೆ ನನ್ನ ಮಗನಿಗೇ ನೆಗಡಿಯಾದರೂ ಅವನು ಆಚೆ ಕೋಣೆಯಲ್ಲಿ ಮಲಗುತ್ತಾನೆ. ಇಲ್ಲಿ ಹುಟ್ಟನ್ನು ನೋಡಿ ದೂರವಿಡುವ ಮಾತಿಲ್ಲ.

ಶತಪಥ ಬ್ರಾಹ್ಮಣ ದೇವಋಣ, ಋಷಿಋಣ, ಪಿತೃಋಣಗಳ ಜೊತೆ ಮನುಷ್ಯಋಣವನ್ನೂ ಹೇಳುತ್ತದೆ. ಮನೆಗೆ ಬಂದವರಿಗೆ ನೆಲೆ ಕೊಟ್ಟು, ಅನ್ನವಿಕ್ಕಿ ಅದನ್ನು ತೀರಿಸಬೇಕು. ನಾನು ರಕ್ತ ಕೊಡಲಾರೆ. ಕೊಟ್ಟವರು ಯಾರೆಂದೂ ತಿಳಿಯಲಾರೆ. ಆದ್ದರಿಂದ ಯಾರು ಬಂದರೂ ಅವರೇ ಎಂದುಕೊಳ್ಳುತ್ತೇನೆ. ಈಗ ನಮ್ಮ ಅಡುಗೆಮನೆಗೆ ಎಲ್ಲರೂ ಬರುತ್ತಾರೆ. ಪಾತ್ರೆ ತೊಳೆಯಲು ಬರುವ ಗೌರಮ್ಮ ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಾಳೆ. ಅಜ್ಜಿಯನ್ನು ನಾನು ದೂರುವುದಿಲ್ಲ. ಅವರು ನಂಬಿದ್ದನ್ನು ನಿಷ್ಠೆಯಿಂದ ನಡೆಸಿದರು. ಆದರೆ ಅದು ತಪ್ಪಾಗಿತ್ತು.

ಓದುವವರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಪದೇ ಪದೇ ನ್ಯುಮೋನಿಯಾ ಬರುತ್ತಿದ್ದರೆ ಜಾತಕ ತೋರಿಸುವ ಮೊದಲು ರಕ್ತದ ಇಮ್ಯುನೋಗ್ಲಾಬ್ಯುಲಿನ್ ಪರೀಕ್ಷೆ ಮಾಡಿಸಿ. ನಿಮ್ಮ ಊರಲ್ಲಿ ರಕ್ತದಾನ ಶಿಬಿರ ನಡೆದರೆ ಹೋಗಿ ಕೊಡಿ.