ಹಲಗೆಯಲ್ಲಿ ಉಳಿದ ಮಳೆ

ಜಪಾನಿನ ಮರದಚ್ಚು ಕಲಾವಿದ ಹಿರೋಶಿಗೆಯ ಮಳೆಚಿತ್ರವನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಸುಮಿದಾ ನದಿಯ ಮೇಲೆ ಶಿನ್-ಓಹಾಶಿ ಸೇತುವೆ. ದಿಢೀರನೆ ಸುರಿದ ಮಳೆಗೆ ಮೈ ಮುದುರಿಕೊಂಡು ಓಡುವ ಜನ. ದೂರದಲ್ಲಿ ಮರದ ದಿಮ್ಮಿಗಳ ತೆಪ್ಪ ನಡೆಸುವ ಒಬ್ಬಂಟಿ. ಇವರೆಲ್ಲರ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳು ಓರೆಯಾಗಿ ಇಳಿಯುತ್ತವೆ. ಇಂದು ಟೋಕಿಯೋ ಆಗಿರುವ ಎಡೋ ನಗರದ ನೂರು ನೋಟಗಳ ಮಾಲೆಗಾಗಿ 1857ರಲ್ಲಿ ಅಚ್ಚಾದ ಚಿತ್ರವಿದು.

ಕುಂಚಕ್ಕೆ ಅಂಥ ಗೆರೆ ಒಂದೇ ಉಸಿರಿನ ಕೆಲಸ. ಮರದಲ್ಲಿ ಹಾಗಲ್ಲ. ಹಲಗೆಯಲ್ಲಿ ಉಬ್ಬಿ ನಿಂತ ಭಾಗಕ್ಕಷ್ಟೇ ಮಸಿ ಹತ್ತುತ್ತದೆ. ಹಾಗಾಗಿ ಕೆತ್ತುವವನು ಮಳೆಯನ್ನು ಮುಟ್ಟುವಂತಿಲ್ಲ, ಮಳೆಯಲ್ಲದ್ದನ್ನೆಲ್ಲ ಉಳಿಯಿಂದ ಎಬ್ಬಿಸಿ ತೆಗೆಯಬೇಕು. ನೂಲಿನಷ್ಟು ಸಣ್ಣ ಏಣುಗಳು ಒಂದೂ ಮುರಿಯದೆ ಹಲಗೆಯ ಉದ್ದಕ್ಕೂ ನಿಲ್ಲಬೇಕು. ಗಟ್ಟಿಯಾದ, ನವುರಾದ ಕಾಡು ಚೆರ್ರಿ ಮರವನ್ನೇ ಕೆತ್ತುವವರು ಆರಿಸಿಕೊಳ್ಳುತ್ತಿದ್ದುದು ಇದಕ್ಕೇ.

ನನ್ನನ್ನು ಬಿಡದೆ ಕಾಡುವ ಸಂಗತಿ ಇನ್ನೊಂದಿದೆ. ಕಲಾವಿದ ತೆಳುಗಾಗದದ ಮೇಲೆ ಬರೆದುಕೊಟ್ಟ ರೇಖೆಗಳನ್ನು ಹಲಗೆಗೆ ಮಗುಚಿ ಅಂಟಿಸುತ್ತಿದ್ದರು. ಉಳಿ ಆ ಕಾಗದವನ್ನು ಸೀಳಿಕೊಂಡೇ ಮರಕ್ಕೆ ಇಳಿಯುತ್ತಿತ್ತು. ಕೆತ್ತನೆ ಮುಗಿಯುವಷ್ಟರಲ್ಲಿ ಕೈಯಾರೆ ಬರೆದ ಚಿತ್ರ ಚೂರುಚೂರಾಗಿ ಹೋಗಿರುತ್ತಿತ್ತು. ತನ್ನ ಗೆರೆ ಅಳಿದು ಇನ್ನೊಬ್ಬನ ಕೈಯಲ್ಲಿ ಮತ್ತೆ ಹುಟ್ಟಲಿ ಎಂದು ಒಪ್ಪಿಕೊಂಡೇ ಅವನು ಬರೆದುಕೊಡುತ್ತಿದ್ದ. ಇಷ್ಟು ದೊಡ್ಡ ನಂಬಿಕೆಯನ್ನು ನಾನು ಬೇರೆ ಕಲೆಗಳಲ್ಲಿ ಅಷ್ಟಾಗಿ ಕಂಡಿಲ್ಲ.

1887ರಲ್ಲಿ ಪ್ಯಾರಿಸ್‌ನಲ್ಲಿದ್ದ ವ್ಯಾನ್ ಗೋ ಇದೇ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಅವನ ನದಿ ಕುಂಚದ ಹೊಡೆತಗಳಲ್ಲಿ ಕುದಿಯುತ್ತದೆ. ನನಗೆ ಅದೂ ಪ್ರಿಯವೇ. ಆದರೆ ಆ ಬಣ್ಣದ ದಪ್ಪದಲ್ಲಿ ಮಳೆಯ ಸದ್ದು ನನಗೆ ಕೇಳಿಸುವುದಿಲ್ಲ.

ಮತ್ತೆ ಎಡೋಗೆ ಮರಳಿದರೆ, ಕೆತ್ತಿದ ಮೇಲೆ ಹಲಗೆಗಳು ಅಚ್ಚು ಹಾಕುವವನ ಕೈಗೆ. ಅವನಲ್ಲಿ ಯಂತ್ರವಿಲ್ಲ. ತೇವ ಮಾಡಿದ ಕಾಗದವನ್ನು ಹಲಗೆಯ ಮೂಲೆಯ ಗುರುತಿಗೆ ಹೊಂದಿಸಿಟ್ಟು, ಬಿದಿರ ಹಾಳೆ ಸುತ್ತಿದ ಬರೆನ್ ಎಂಬ ಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜುತ್ತಾನೆ, ಒಂದೊಂದು ಬಣ್ಣಕ್ಕೂ ಮತ್ತೆ ಮತ್ತೆ. ಚಿತ್ರದ ನೆತ್ತಿಯ ಮೇಲಿನ ಕಾರ್ಮೋಡಕ್ಕೆ ಮಾತ್ರ ಕೆತ್ತಿದ ಅಂಚಿಲ್ಲ. ಒದ್ದೆ ಹಲಗೆಯ ಮೇಲೆ ಅವನೇ ಬಣ್ಣ ಹರಡಿ, ಅವನೇ ತಿಳಿಯಾಗಿಸಿ, ಕಾಗದಕ್ಕೆ ಇಳಿಸಬೇಕು. ಆದ್ದರಿಂದ ಉಳಿದಿರುವ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಳೆ ಒಂದೇ, ಮೋಡ ಬೇರೆ ಬೇರೆ. ಒಂದರಲ್ಲಿ ಅದು ಇನ್ನೂ ಕವಿಯುತ್ತಿದೆ. ಇನ್ನೊಂದರಲ್ಲಿ, ತೆಪ್ಪದವನು ದಡ ಸೇರುವ ಮೊದಲೇ, ಚದುರಲು ಶುರುವಾಗಿದೆ.