ಬಲೆ ಸರಿಮಾಡುವ ಕೈಗಳು

ಎಲ್ಲರೂ ಗಲಾತ್ಯದವರಿಗೆ 6:1 ತೆಗೀರಿ. ಫೋನ್‌ನಲ್ಲಿ ತೆಗೆಯೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ತಪ್ಪಿನಲ್ಲಿ ಸಿಕ್ಕಿಕೊಂಡವನನ್ನು ಏನು ಮಾಡ್ಬೇಕು? ಪೌಲನು ಹೊರಗೆ ಹಾಕಿ ಅನ್ನಲ್ಲ. ಸರಿಮಾಡಿ, ಅದೂ ಶಾಂತವಾಗಿ ಅಂತಾನೆ. ಇಲ್ಲಿರುವ ಗ್ರೀಕ್ ಕ್ರಿಯಾಪದ ಕಟಾರ್ಟಿಜೊ. ಮತ್ತಾಯ 4:21ರಲ್ಲಿ ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡ್ತಿದ್ರಲ್ಲ, ಅಲ್ಲೂ ಇದೇ ಪದ. ಹರಿದ ಬಲೆಯನ್ನು ಬೈದರೆ ಸರಿಹೋಗುತ್ತಾ ಪ್ರಿಯರೇ? ಪಕ್ಕದಲ್ಲಿ ಕೂರ್ಬೇಕು. ಒಂದೊಂದೇ ಗಂಟು ನೋಡ್ಬೇಕು.

ಹೋದ ತಿಂಗಳು ನಮ್ಮ ರೆಕಾರ್ಡಿಂಗ್ ರೂಮಿನ ಕಂಡೆನ್ಸರ್ ಮೈಕ್ ಕೆಟ್ಟಿತ್ತು. ಪಟಪಟ ಸದ್ದು, ದನಿ ಕ್ಷೀಣ. "ಬಿಸಾಕಿ, ಹೊಸದು ಆರ್ಡರ್ ಮಾಡೋಣ" ಅಂದ್ರು ಕೆಲವರು. ನಮ್ಮ ಸೌಂಡ್ ಅಣ್ಣ ಮೊದಲು ಮೈಕ್ ಮುಟ್ಟಲೇ ಇಲ್ಲ. ಕೇಬಲ್ ಬದಲಾಯಿಸಿದ್ರು. ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬರ್ತಿದೆಯಾ ನೋಡಿದ್ರು. ಬರ್ತಿತ್ತು. ಆಮೇಲೆ ಪವರ್ ಆಫ್ ಮಾಡಿ, ಕೇಬಲ್ ತೆಗೆದು, ಒಳಗಿನ ಚಾರ್ಜ್ ಇಳಿಯೋವರೆಗೂ ಕಾದು, ಬಾಡಿ ಬಿಚ್ಚಿದ್ರು.

ಕ್ಯಾಪ್ಸೂಲ್‌ನಲ್ಲಿ ಚಿನ್ನ ಲೇಪಿಸಿದ ಒಂದು ಪ್ಲಾಸ್ಟಿಕ್ ಪೊರೆ. ಕೆಲವೇ ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ಎಷ್ಟೋ ತೆಳು. ಒಬ್ಬ ಹುಡುಗ ಒರೆಸೋಕೆ ಟಿಶ್ಯೂ ತಂದ. ಅಣ್ಣ ಅವನ ಕೈ ಹಿಡ್ಕೊಂಡ್ರು: "ಅದನ್ನ ಮುಟ್ಟಿದ್ರೆ ಮುಗೀತಪ್ಪಾ."

ಪೊರೆ ಚೆನ್ನಾಗೇ ಇತ್ತು. ತೊಂದರೆ ಪಕ್ಕದ ಸರ್ಕ್ಯೂಟ್ ಬೋರ್ಡ್ ಮೇಲೆ. ಅಲ್ಲಿ ಗಿಗಾಓಮ್ ರೆಸಿಸ್ಟರ್ ಇರುತ್ತೆ, ಅಂದ್ರೆ ನೂರು ಕೋಟಿ ಓಮ್. ಅಂಥ ಜಾಗದಲ್ಲಿ ಬೆರಳಿನ ಬೆವರು, ಧೂಳು, ಮಳೆಗಾಲದ ತೇವ ಸೇರಿದ್ರೆ ಸಾಕು, ಚಾರ್ಜ್ ಸೋರಿ ಹೋಗುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬೋರ್ಡ್ ಮಾತ್ರ ತೊಳೆದು, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಎರಡು ದಿನ ಇಟ್ರು. ಇವತ್ತು ನೀವು ಆನ್‌ಲೈನ್‌ನಲ್ಲಿ ಕೇಳ್ತಿರೋ ಕೋರಸ್ ಅದೇ ಮೈಕ್‌ನದ್ದು, ಹಲ್ಲೆಲೂಯ! (ದಯವಿಟ್ಟು ಮೈಕ್‌ಗೆ ಫೂ ಫೂ ಅಂತ ಊದಿ ಟೆಸ್ಟ್ ಮಾಡೋದು ಬಿಡಿ.)

ಯೌವನಸ್ಥರೇ, ನಮ್ಮ ವರ್ಶಿಪ್ ಟೀಮ್‌ನಲ್ಲಿ ಮೂರು ತಿಂಗಳಿಂದ ಒಂದು ಜಾಗ ಖಾಲಿ ಇದೆ. ಏನಾಯ್ತು ಅಂತ ಇಲ್ಲಿ ಹೇಳಲ್ಲ, ನೀವೂ ಹೇಳಬೇಡಿ. "ಆ ಸಿಸ್ಟರ್ ಮೇಲಿದ್ದ ಅಭಿಷೇಕ ಹೋಯ್ತು" ಅಂತ ವಾಟ್ಸಾಪ್‌ನಲ್ಲಿ ತೀರ್ಪು ಬಂದಾಗಿದೆ. ಯಾರು ನೋಡಿದ್ರು? ಕೇಬಲ್ ಬದಲಾಯಿಸಿ ನೋಡಿದ್ರಾ? ಪಾಪವನ್ನ ಪಾಪ ಅಂತಲೇ ಕರೀಬೇಕು, ಅದರಲ್ಲಿ ನನಗೆ ಸಂಶಯ ಇಲ್ಲ. ಆದ್ರೆ ಟಿಶ್ಯೂ ಹಿಡ್ಕೊಂಡು ಆತುರದಲ್ಲಿ ಓಡಿಬರೋ ಕೈ ಪೊರೆಯನ್ನೇ ಹರಿಯುತ್ತೆ. ಅದೇ ವಚನದ ಕೊನೆಯಲ್ಲಿ ಪೌಲನು ಸರಿಮಾಡೋಕೆ ಹೋಗುವವನಿಗೇ ಎಚ್ಚರಿಕೆ ಕೊಡ್ತಾನೆ. ನೀನೂ ಬೀಳಬಹುದು, ನೋಡ್ಕೋ ಅಂತ.

ಇವತ್ತು ಸಂಜೆ ನನ್ನ ಹೆಂಡತಿ, ಇನ್ನೊಬ್ಬ ಅಕ್ಕ ಅವಳ ಮನೆಗೆ ಹೋಗ್ತಿದ್ದಾರೆ. ಬೋಧಿಸೋಕಲ್ಲ, ಊಟಕ್ಕೆ. ವಾಪಸ್ ಯಾವಾಗ ಹಾಡ್ತಾಳೆ ಅಂತ ಯಾರೂ ಕೇಳಬೇಡಿ. ಈಗ ಎದ್ದು ನಿಂತು, ಅವಳಿಗೋಸ್ಕರ ಪ್ರಾರ್ಥನೆ ಮಾಡೋಣ.